ಕೋಪದಲ್ಲಿ ಕೊಯ್ದ ಮೂಗು

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮುಂಗೋಪಿಗಳಿಗೆ ಹಿರಿಯರು ಹೇಳುತ್ತ ಬಂದ ಗಾದೆ ಇದು. ಸಿಟ್ಟು ಬಂದಾಗ ತಾಳು, ಆಮೇಲೆ ಹಲುಬಿ ಫಲವಿಲ್ಲ ಎನ್ನುವುದು ಎಲ್ಲರೂ ಬಲ್ಲ ಅರ್ಥ. ಹೆಂಡತಿಗೆ ಹೊಡೆಯುವ ಗಂಡನ ಮುಂದೆ ಇದೇ ಗಾದೆಯನ್ನು ಇಟ್ಟು ನೋಡಿದರೆ ಬೇರೆ ಎರಡು ಪ್ರಶ್ನೆ ಏಳುತ್ತವೆ. ಕೊಯ್ದದ್ದು ಕೋಪವೇ? ಶಾಂತವಾದ ಮೇಲೆ ಅವನು ಮಾಡಬೇಕಾದ್ದೇನು?

"ಸಿಟ್ಟು ಬಂದರೆ ಅವನಿಗೆ ಮೈಮೇಲೆ ಎಚ್ಚರ ಇರೋದಿಲ್ಲ ಕಣಮ್ಮಾ, ಮನಸ್ಸು ಮಾತ್ರ ಬೆಣ್ಣೆ" ಎಂದು ಅತ್ತೆ ಸೊಸೆಗೆ ಸಮಾಧಾನ ಹೇಳುತ್ತಾಳೆ. ಎಚ್ಚರವಿಲ್ಲದವನು ಸೀರೆ ಮುಚ್ಚುವ ಜಾಗ ನೋಡಿ ಹೊಡೆಯುವುದು ಹೇಗೆ? ಅವಳ ಮೊಬೈಲು ಗೋಡೆಗೆ ಬಡಿದು ಚೂರಾಗುತ್ತದೆ, ಅವನದು ಜೇಬಿನಲ್ಲಿ ಭದ್ರವಾಗಿರುತ್ತದೆ. ಬೆಳಿಗ್ಗೆ ಮೇಲಧಿಕಾರಿ ಎಲ್ಲರೆದುರು ಬೈದಾಗಲೂ ಸಿಟ್ಟು ಬಂದಿತ್ತು, ಅಲ್ಲಿ ಕೈ ಎತ್ತಲಿಲ್ಲ. ಪಕ್ಕದ ಮನೆಯವರು ಬಾಗಿಲು ಬಡಿದರೆ ಸಾಕು, ದನಿ ತಾನಾಗಿ ಇಳಿಯುತ್ತದೆ. ಕುಡಿತದ ಮಾತೂ ಇಷ್ಟೇ. ಕುಡಿತ ಏಟಿನ ಬಿರುಸು ಹೆಚ್ಚಿಸುತ್ತದೆ, ಅದನ್ನು ಬಿಡಿಸಲೇಬೇಕು. ಆದರೆ ಎಷ್ಟು ಕುಡಿದಿದ್ದರೂ ಅವನು ಠಾಣೆಯ ಸಬ್ ಇನ್‌ಸ್ಪೆಕ್ಟರಿಗೆ ಹೊಡೆಯುವುದಿಲ್ಲ.

ಅಮೆರಿಕದ ಮಿನೆಸೋಟ ರಾಜ್ಯದ ಡುಲುತ್ ಊರಿನಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ಎಲೆನ್ ಪೆನ್ಸ್ ಮತ್ತು ಜೊತೆಗಾರರು ಏಟು ತಿಂದ ಹೆಂಗಸರನ್ನು ಕೂರಿಸಿಕೊಂಡು ಕೇಳಿದರು. ಅವರು ಹೇಳಿದ್ದು ಬರೀ ಏಟಿನ ಕಥೆಯಲ್ಲ. ಕೈಗೆ ದುಡ್ಡು ಕೊಡದಿರುವುದು, ಬಂಧುಬಳಗದಿಂದ ದೂರ ಮಾಡುವುದು, ಮಕ್ಕಳನ್ನು ಮುಂದಿಟ್ಟು ಹೆದರಿಸುವುದು, ಇವೆಲ್ಲ ದಿನನಿತ್ಯದ ಮಾತು. ಏಟು ಇವಕ್ಕೆಲ್ಲ ಕಾವಲು. ಇದನ್ನು ಅವರು ಅಧಿಕಾರ ಮತ್ತು ಹತೋಟಿಯ ಚಕ್ರವಾಗಿ ಬರೆದು ತೋರಿಸಿದರು. ಹೊಡೆದ ಗಂಡಸರನ್ನು ತಿದ್ದುವ ಗುಂಪುಗಳು ಅದರ ಆಧಾರದ ಮೇಲೆಯೇ ನಡೆದವು.

ಗುಂಪಿನಲ್ಲಿ ಕುಳಿತವನು ಒಂದು ಹಾಳೆ ತುಂಬಬೇಕು. ಏನು ಮಾಡಿದೆ? ಹಾಗೆ ಮಾಡಿ ಅವಳಿಂದ ಏನು ಆಗಬೇಕೆಂದಿದ್ದೆ? ತಪ್ಪನ್ನು ಹೇಗೆ ಸಣ್ಣದು ಮಾಡಿದೆ, ಯಾರ ತಲೆಗೆ ಕಟ್ಟಿದೆ? ಅವಳಿಗೆ, ಮಕ್ಕಳಿಗೆ ಏನಾಯಿತು? ಬೇರೆ ಏನು ಮಾಡಬಹುದಿತ್ತು? ನನಗೆ ಎಲ್ಲಕ್ಕಿಂತ ಕಠಿಣವೆನಿಸುವುದು ಎರಡನೆಯ ಪ್ರಶ್ನೆ. "ಸಾರಿಗೆ ಉಪ್ಪು ಹೆಚ್ಚಾಗಿತ್ತು, ಹೊಡೆದೆ" ಎಂದು ಬರೆಯುವುದು ಸುಲಭ. "ಇನ್ನು ಮೇಲೆ ಅವಳು ಸಂಬಳದ ಲೆಕ್ಕ ಕೇಳಬಾರದು ಅಂತ ಹೊಡೆದೆ" ಎಂದು ಬರೆದವನ ಕೈಯಲ್ಲಿ ಕೋಪದ ನೆಪ ಉಳಿದಿರುವುದಿಲ್ಲ. ಆಸೆ ಇರುವುದೂ ಇಲ್ಲಿಯೇ. ಬೇಕೆಂದು ಮಾಡಿದ್ದನ್ನು ಬೇಡವೆಂದು ಬಿಡಬಹುದು. ಮೈಮರೆತು ಮಾಡಿದ್ದಾದರೆ ಬಿಡುವುದಾದರೂ ಹೇಗೆ?

ಕೋಪದ ನೆಪ ಸಲ್ಲದೆಂದು ನಮ್ಮ ಕಾನೂನೂ ಬಲ್ಲದು. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯ 14ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಗಂಡನನ್ನು ಆಪ್ತಸಮಾಲೋಚನೆಗೆ ಕಳಿಸಬಹುದು. 2006ರ ನಿಯಮಗಳ ಪ್ರಕಾರ ಅಲ್ಲಿ ಅವನು ಹೊಡೆದದ್ದಕ್ಕೆ ಸಮರ್ಥನೆ ಕೊಡುವಂತಿಲ್ಲ, ಅದನ್ನು ಮೊದಲೇ ಅವನಿಗೆ ತಿಳಿಸಿರಬೇಕು, ಮತ್ತೆ ಹಿಂಸೆ ಮಾಡುವುದಿಲ್ಲವೆಂದು ಅವನು ಮುಚ್ಚಳಿಕೆ ಬರೆದುಕೊಡಬೇಕು. ಎಷ್ಟೋ ಕಡೆ ನಡೆಯುವುದು ಮಾತ್ರ ರಾಜಿ ಪಂಚಾಯಿತಿ: "ನೀನೂ ಸ್ವಲ್ಪ ಹೊಂದಿಕೊಂಡು ಹೋಗಮ್ಮ."

ಇನ್ನು ಗಾದೆಯ ಉಳಿದರ್ಧ. ಶಾಂತವಾದ ಮೇಲೆ ಅವನು ಮಲ್ಲಿಗೆ ಹೂ ತರುತ್ತಾನೆ, ಮೈಸೂರುಪಾಕು ತರುತ್ತಾನೆ, ಕಾಲು ಹಿಡಿದು ಅಳುತ್ತಾನೆ. ಆ ಕಣ್ಣೀರು ಸುಳ್ಳಲ್ಲದಿರಬಹುದು. ಆದರೂ ಮನೋವಿಜ್ಞಾನಿ ಲೆನೋರ್ ವಾಕರ್ 1979ರಲ್ಲಿ ಬರೆದಂತೆ ಬಿಗುವು, ಏಟು, ಓಲೈಕೆ ಸುತ್ತುತ್ತಲೇ ಇರುತ್ತವೆ. ಈ ಕಣ್ಣೀರೂ ಆ ಸುತ್ತಿನೊಳಗಿನದೇ. ಗಾದೆ ಇಲ್ಲಿ ಕರುಣೆ ತೋರುವುದಿಲ್ಲ, ಹೋದ ಮೂಗು ಬಾರದು ಎಂದು ಹೇಳಿ ನಿಲ್ಲಿಸುತ್ತದೆ. ಹೊಡೆಯುವುದನ್ನು ಬಿಡಬೇಕೆಂದು ಹೊರಟವನು ಒಪ್ಪಿಕೊಳ್ಳಬೇಕಾದ್ದು ಇದನ್ನು. "ಆರು ತಿಂಗಳಿಂದ ಕೈ ಎತ್ತಿಲ್ಲ, ಇನ್ನಾದರೂ ತವರಿಂದ ಬಾ" ಎಂದರೆ ಅದೂ ಅದೇ ಹಳೆಯ ಹಿಡಿತ.

ಹೀಗಾಗಿಯೇ ಒಳ್ಳೆಯ ಕಾರ್ಯಕ್ರಮಗಳಲ್ಲಿ ಅವನು ಬದಲಾದನೇ ಎಂದು ಅವನನ್ನಷ್ಟೇ ಕೇಳುವುದಿಲ್ಲ. ಬೇರೊಬ್ಬ ಕಾರ್ಯಕರ್ತೆ ಹೆಂಡತಿಯೊಂದಿಗೆ ಬೇರೆಯಾಗಿ ಮಾತಾಡುತ್ತಾಳೆ. ಇಂಥ ಕಾರ್ಯಕ್ರಮಗಳ ಬಗ್ಗೆ ಬ್ರಿಟನ್ನಿನಲ್ಲಿ 2015ರಲ್ಲಿ ಪ್ರಕಟವಾದ ಮಿರಾಬಲ್ ಅಧ್ಯಯನದಲ್ಲಿ ಹೆಂಗಸರು ಹೇಳಿದ ಪ್ರಕಾರ ಮೈಮೇಲಿನ ಹಿಂಸೆ ಬಹಳ ಇಳಿದಿತ್ತು, ಹತೋಟಿ ಅಷ್ಟು ಸಡಿಲಗೊಂಡಿರಲಿಲ್ಲ. ಎಲ್ಲ ಅಧ್ಯಯನಗಳೂ ಇಷ್ಟು ಆಸೆ ಕೊಡುವುದಿಲ್ಲ. ನಡುವೆಯೇ ಬಿಟ್ಟುಹೋಗುವವರು ಬಹಳ. ಹೆಂಡತಿ ಇನ್ನು ಬರುವುದಿಲ್ಲವೆಂದು ಖಾತ್ರಿಯಾದ ಮೇಲೂ ಮುಂದಿನ ವಾರ ಬಂದು ಕೂರುವವನ ಮೇಲೆ ನನಗೆ ಭರವಸೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ಏಟು ತಿಂದವಳಿಗೆ 181 ಸಹಾಯವಾಣಿ ಇದೆ, ಸಖಿ ಕೇಂದ್ರ ಇದೆ. ಅವು ಇನ್ನೂ ಬಲವಾಗಬೇಕು. ಹೊಡೆದವನಿಗೆ ಠಾಣೆಯ ಬೆಂಚು ಬಿಟ್ಟರೆ, ವಾರವಾರ ಬಂದು ಆ ಹಾಳೆ ತುಂಬಲು ಹೆಚ್ಚಿನ ತಾಲ್ಲೂಕುಗಳಲ್ಲಿ ಒಂದು ಕೋಣೆಯೂ ಇಲ್ಲ.