ಕೂಲಿ ಯಾರ ಕೈಗೆ?

ನಾನು ಓದಿದ್ದು ಏಳನೇ ತರಗತಿ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ನಮ್ಮ ತಾತ, ಹಾಡು ಕಲಿಸಿದ್ದು ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು. ಮೇಷ್ಟ್ರುಗಳು ಓದುವ ಪುಸ್ತಕದಲ್ಲಿ ನಾನೇನು ಬರೆಯೋದು ಅಂತ ಹಿಂಜರಿದೆ. ಆದರೆ ಒಂದು ಮಾತು ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ಕೂತಿದೆ. ಬರೆದೇ ಬಿಡ್ತೀನಿ.

ಕಾರಮಡೆ ಕಡೆ ನನಗೆ ಮೂರು ಎಕರೆ ಇದೆ. ಕಡ್ಲೆಕಾಯಿ, ಜೋಳ, ಚಿಕ್ಕ ಈರುಳ್ಳಿ, ಒಂದಿಷ್ಟು ಬಾಳೆ ಬೆಳೀತಿದ್ದೆ. ಕಡ್ಲೆಕಾಯಿಯನ್ನು ಹಂದಿ ಅಗೆದು ತಿಂತು, ಬಾಳೆಗೆ ಆನೆ ಬಂತು. ಬೆಳಗಾದರೆ ಮಿಲ್ಲಿನ ವ್ಯಾನು ಬಂದು ವಯಸ್ಸಿನ ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತೆ, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದವರು ಅಲ್ಲೇ ಮನೆ ಮಾಡಿದರು. ಸಾಕಾಗಿ ಎರಡು ಎಕರೆಗೆ ಮರ ಹಾಕಿದೆ. ಒಂದು ಎಕರೆ ಸವುಕ್ಕು, ಒಂದು ಎಕರೆ ಹೆಬ್ಬೇವು. ಹೆಬ್ಬೇವನ್ನು ಇಲ್ಲಿ ಮಲೈವೇಂಬು ಅಂತಾರೆ. ಸವುಕ್ಕು ಮೂರು ನಾಲ್ಕು ವರ್ಷಕ್ಕೆ ಕಾಗದದ ಮಿಲ್ಲಿಗೆ ಹೋಗುತ್ತೆ. ಹೆಬ್ಬೇವನ್ನು ಇನ್ನೂ ಸ್ವಲ್ಪ ಬಿಟ್ಟರೆ ಪ್ಲೈವುಡ್ಡಿಗೆ ಆಗುತ್ತೆ.

ಹಿಂದೆ ಈ ಮರವೆಲ್ಲ ಕಾಡಿನಿಂದಲೇ ಬರುತ್ತಿತ್ತು. ಪೊಳ್ಳಾಚಿಯಿಂದ ಮೇಲೆ ಆನೆಮಲೆಯಲ್ಲಿ ಟಾಪ್‌ಸ್ಲಿಪ್ ಅಂತ ಒಂದು ಜಾಗ ಇದೆ. ತೇಗದ ದಿಮ್ಮಿಗಳನ್ನು ಅಲ್ಲಿಂದ ಕೆಳಕ್ಕೆ ಜಾರಿಸುತ್ತಿದ್ದರು, ಅದಕ್ಕೇ ಆ ಹೆಸರು. ಕಡಿದು ಬರಿದಾದ ಬೆಟ್ಟದಲ್ಲಿ ಹ್ಯೂಗೋ ವುಡ್ ಎಂಬ ಇಂಗ್ಲಿಷ್ ಅಧಿಕಾರಿ 1915ರಿಂದ ಮತ್ತೆ ತೇಗ ಬೆಳೆಸಿದ. ಅವನ ಸಮಾಧಿ ಅಲ್ಲೇ ಇದೆ, ನಾನು ನೋಡಿದ್ದೀನಿ. ದಿಮ್ಮಿ ಎಳೆಸಿದ ಆನೆಗಳನ್ನು ನಡೆಸಿದ ಮಲಸರ ಹೆಸರು ಆ ಕಲ್ಲಿನಲ್ಲಿ ಕಾಣಲಿಲ್ಲ. ಅದು ಬೇರೆ ಮಾತು, ಆದರೂ ಬರೀಬೇಕು ಅನ್ನಿಸಿತು.

ಆಮೇಲೆ 1988ರ ಅರಣ್ಯ ನೀತಿ ಬಂತು. ಕಾರ್ಖಾನೆಯವರು ತಮಗೆ ಬೇಕಾದ ಮರವನ್ನು ರೈತರ ಜೊತೆ ಸೇರಿ ಬೆಳೆಸಿಕೊಳ್ಳಬೇಕು ಅಂತ ಅದು ಹೇಳಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾಡು ಕಡಿಯೋದಕ್ಕೆ ಕಡಿವಾಣ ಹಾಕಿತು. ಅಲ್ಲಿಗೆ ಕಾರ್ಖಾನೆಯ ಕಣ್ಣು ಬೆಟ್ಟದಿಂದ ಇಳಿದು ನಮ್ಮ ಹೊಲದ ಮೇಲೆ ಬಿತ್ತು. ಮೆಟ್ಟುಪಾಳ್ಯದ ಅರಣ್ಯ ಕಾಲೇಜಿನವರು ಮಿಲ್ಲಿಗೂ ರೈತರಿಗೂ ಒಪ್ಪಂದದ ದಾರಿ ತೋರಿಸಿದರು. ಕಾಡು ಉಳಿಯೋದಾದರೆ ಒಳ್ಳೇದೇ.

ಇದರಿಂದ ಹಳ್ಳಿಗೆ ಕೆಲಸ ಬರುತ್ತೆ ಅಂತಾರೆ. ಸುಳ್ಳಲ್ಲ. ನರ್ಸರಿಯಲ್ಲಿ ಸಸಿ ಮಾಡೋರು, ಗುಂಡಿ ತೋಡೋರು, ಕಡಿಯೋರು, ಸಿಪ್ಪೆ ಸುಲಿಯೋರು, ಲಾರಿಗೆ ಏರಿಸೋರು, ಆಮೇಲೆ ಪುಗಳೂರು, ಪಳ್ಳಿಪಾಳ್ಯದ ಕಾಗದದ ಮಿಲ್ಲುಗಳಲ್ಲಿ ದುಡಿಯೋರು, ಎಲ್ಲರ ಊಟವೂ ಮರದಿಂದಲೇ. ಆದರೆ ನನ್ನ ಹೊಲದ ಲೆಕ್ಕವೇ ಬೇರೆ. ಕಡ್ಲೆಕಾಯಿಗೆ ಬಿತ್ತೋದು, ಕಳೆ ತೆಗೆಯೋದು, ಗಿಡ ಕೀಳೋದು, ಕಾಯಿ ಬಿಡಿಸೋದು ಎಲ್ಲಕ್ಕೂ ಕೈ ಬೇಕು. ಈರುಳ್ಳಿಗೆ ಇನ್ನೂ ಜಾಸ್ತಿ. ಮರಕ್ಕೆ ಮೊದಲ ವರ್ಷ ದಾಟಿದರೆ ಯಾರೂ ಬೇಡ. ನೆರಳು ಬಿದ್ದ ಮೇಲೆ ಕಳೆಯೂ ಕಡಿಮೆ, ಹಾಡೂ ಇಲ್ಲ. ಕಳೆ ತೆಗೆಯೋ ಹಾಡನ್ನು ನಾನೀಗ ಗುಡಿಯ ಹಬ್ಬದಲ್ಲಿ ಮೈಕು ಹಿಡಿದು ಹಾಡ್ತೀನಿ.

ನಮ್ಮ ಹೊಲಕ್ಕೆ ಮೂವತ್ತು ವರ್ಷ ಕಳೆಗೆ ಬಂದ ಒಬ್ಬ ಹೆಂಗಸು ಇದ್ದಾಳೆ. ವ್ಯಾನು ಹತ್ತೋ ವಯಸ್ಸಲ್ಲ, ಮಂಡಿನೋವು ಬೇರೆ. ಅವಳ ಮಗ ಮರದ ಲಾರಿಗೆ ಲೋಡು ಹಾಕೋ ಕೆಲಸಕ್ಕೆ ಹೋಗ್ತಾನೆ. ಒಂದು ದಿನ ಸಮಾಧಾನಕ್ಕೆ ಅಂತ ನಾನೇ ಹೇಳಿದೆ, "ಯಾಕಮ್ಮಾ ಬೇಜಾರು? ನಿನ್ನ ಕೂಲಿ ಹೋಯಿತು, ಮಗನ ಕೂಲಿ ಬಂತಲ್ಲ. ಮನೆಗೆ ಬರೋದು ಅಷ್ಟೇ, ಇನ್ನೂ ಜಾಸ್ತೀನೇ."

ಅವಳು ಹೇಳಿದ್ದು ಇಷ್ಟೇ: "ಅವನ ಕೂಲಿ ಅವನ ಕೈಗೆ ಬರುತ್ತೆ ಗೌಡ್ರೇ. ನನ್ನದು ನನ್ನ ಕೈಗೆ ಬರ್ತಿತ್ತು."

ಆಮೇಲೆ ನಾನು ಮಾತಾಡಲಿಲ್ಲ. ಮಾತ್ರೆ ತರೋಕೂ, ಮೊಮ್ಮಗಳಿಗೆ ಬಳೆ ಕೊಡಿಸೋಕೂ ಅವಳು ಈಗ ಮಗನ ಮುಖ ನೋಡಬೇಕು.

ಇದನ್ನು ಒಬ್ಬ ಮೇಷ್ಟ್ರ ಹತ್ತಿರ ಹೇಳಿದೆ. "ಭೂಮಿ ನಿಮ್ಮದು, ನಷ್ಟ ಬಂದರೆ ಅವಳು ಕೊಡ್ತಾಳಾ? ನೂರು ದಿನದ ಕೆಲಸ ಇದೆಯಲ್ಲ" ಅಂದರು. ನ್ಯಾಯವಾದ ಮಾತೇ. ಹಂದಿ ತಿಂದ ಬೆಳೆಗೆ ಅವಳ ಮೇಲೆ ನಾನು ಕೋಪ ಮಾಡೋಕಾಗಲ್ಲ, ನನ್ನ ಸಾಲಕ್ಕೆ ಅವಳು ಜವಾಬ್ದಾರಳಲ್ಲ. ಆದರೆ ಅವಳು ಮೂವತ್ತು ವರ್ಷ ಬಗ್ಗಿದ್ದು ಈ ಮಣ್ಣಿಗೇ. ಪತ್ರದಲ್ಲಿ ನನ್ನ ಹೆಸರಿದೆ ಅಂತ ಅವಳನ್ನು ಒಂದು ಮಾತೂ ಕೇಳದೆ ಸಸಿ ಇಳಿಸಿದೆನಲ್ಲ, ಅದು ಸರಿಯಾ? ಸಸಿ ಎಷ್ಟು ಅಡಿ ದೂರ ನೆಡಬೇಕು ಅಂತ ಮೂರು ಜನರನ್ನು ಕೇಳಿದ್ದೆ. ಇದನ್ನು ಯಾರನ್ನೂ ಕೇಳಲಿಲ್ಲ. ಕಾರ್ಖಾನೆಯವರು ಇಷ್ಟು ಜನಕ್ಕೆ ಕೆಲಸ ಕೊಟ್ಟೆವು ಅಂತ ಲೆಕ್ಕ ಬರೆಯುವಾಗ, ಹೊಲದಿಂದ ಎದ್ದು ಹೋದವರನ್ನು ಯಾವ ಪುಸ್ತಕದಲ್ಲಿ ಬರೀತಾರೆ? ನನ್ನ ಪುಸ್ತಕದಲ್ಲೂ ಬರೆದಿರಲಿಲ್ಲ.

ಮರ ಕಿತ್ತು ಹಾಕೋ ಶಕ್ತಿ ನನಗಿಲ್ಲ, ಅದರ ಹಣ ನನಗೂ ಬೇಕು. ಉಳಿದ ಒಂದು ಎಕರೆಗೂ ಸಸಿ ಹಾಕು ಅಂತ ನನ್ನ ಮಗ ಹೇಳ್ತಾನೆ. ನಾನು ಬಿಟ್ಟಿಲ್ಲ, ಅಲ್ಲಿ ಈರುಳ್ಳಿ ಇದೆ. ಹೋದ ಸಲ ಬೆಲೆ ಬಿದ್ದು ಕೈ ಸುಟ್ಟಿತು, ಮಗ ಎರಡು ದಿನ ಮಾತು ಬಿಟ್ಟ.

ಬರುವ ತೈ ತಿಂಗಳಲ್ಲಿ ಸವುಕ್ಕು ಕಡಿಯಬೇಕು. ಸಿಪ್ಪೆ ಸುಲಿಯೋ ಕೆಲಸವನ್ನಾದರೂ ನಮ್ಮೂರ ಹೆಂಗಸರಿಗೆ ಕೊಡು, ಕೂತು ಮಾಡಬಹುದು, ಕೂಲಿಯನ್ನು ಅವರವರ ಕೈಗೇ ಕೊಡು ಅಂತ ಮರದ ವ್ಯಾಪಾರಿಗೆ ಹೇಳಿದ್ದೀನಿ. ತನ್ನ ಆಳುಗಳು ಬೇಗ ಮುಗಿಸ್ತಾರೆ, ಊರವರಾದರೆ ದಿನ ಜಾಸ್ತಿ ಆಗುತ್ತೆ, ಟನ್ನಿಗೆ ಇಷ್ಟು ಅಂತ ರೇಟು ಇಳಿಸ್ತೀನಿ ಅಂದ. ಎಷ್ಟು ಇಳಿಸ್ತೀಯ ಅಂತ ಕೇಳಿದ್ದೀನಿ. ಇನ್ನೂ ಹೇಳಿಲ್ಲ.