ದಾಯವೂ ಋಣವೂ

ಸತ್ತವನ ಸೊತ್ತು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಗೆ ಧರ್ಮಶಾಸ್ತ್ರವು ರಕ್ತಸಂಬಂಧವನ್ನೂ ವಿವಾಹವನ್ನೂ ಮುಂದಿಟ್ಟು ಉತ್ತರ ಹೇಳುತ್ತದೆ. ಈ ಎರಡೂ ಇಲ್ಲದೆ ಬಾಳನ್ನು ಹಂಚಿಕೊಂಡವರ ಪಾಡೇನು?

ಮಂಗಳೂರಿನ ಹಂಪನಕಟ್ಟೆಯಲ್ಲಿ ಒಬ್ಬ ವರ್ತಕನೂ ಒಬ್ಬ ಸ್ತ್ರೀಯೂ ವಿವಾಹವಿಲ್ಲದೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದರೆಂದು ವಾಚಕರು ಭಾವಿಸಲಿ. ಅಂಗಡಿಯ ಲೆಕ್ಕವನ್ನು ಬರೆದವಳೂ, ಕಡೆಯ ರಾತ್ರಿ ಆತನ ತಲೆದೆಸೆಯಲ್ಲಿ ಕುಳಿತವಳೂ ಆಕೆಯೇ. ಆತನು ಮೃತನಾದೊಡನೆ ಬೀಗದ ಕೈಯನ್ನು ಕೇಳಲು ಬರುವವನು, ಹತ್ತು ವರ್ಷ ಆ ಹೊಸ್ತಿಲನ್ನೇ ತುಳಿಯದ ತಮ್ಮ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ವಾರಸುದಾರರ ಪಟ್ಟಿಯಲ್ಲಿ ತಮ್ಮನಿಗೆ ಸ್ಥಾನವಿದೆ, ಆಕೆಗಿಲ್ಲ.

ಈ ಜಿಲ್ಲೆಯ ಅಳಿಯಸಂತಾನದ ಕುಟುಂಬಗಳಲ್ಲಿ ಕೈಹಿಡಿದ ಹೆಂಡತಿಗೂ ಗಂಡನ ಸೊತ್ತು ಬರುತ್ತಿರಲಿಲ್ಲ; ಅದು ಸೋದರಳಿಯಂದಿರ ಕಡೆಗೆ ಹೋಗುತ್ತಿತ್ತು. ಬ್ರಿಟಿಷರ ನ್ಯಾಯಾಲಯಗಳು ಆ ದಾಂಪತ್ಯವನ್ನು ವಿವಾಹವೆಂದೇ ಎಣಿಸದಿದ್ದುದುಂಟು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಅದಕ್ಕೆ ಮನ್ನಣೆಯಿತ್ತಿತು. ಆದರೂ ಆ ಹೆಣ್ಣು ಅನಾಥೆಯಾಗಿರಲಿಲ್ಲ; ತಾಯಿಯ ಕುಟುಂಬದಲ್ಲಿ ಆಕೆಗೆ ಹುಟ್ಟಿನಿಂದಲೇ ಹಕ್ಕಿತ್ತು. ಹಂಪನಕಟ್ಟೆಯ ಈ ಸ್ತ್ರೀಗೆ ಆ ಆಸರೆಯೂ ಇಲ್ಲ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ವಾರಸಿಲ್ಲದವನ ಧನವನ್ನು ರಾಜನು ತೆಗೆದುಕೊಳ್ಳುವಾಗಲೂ ಅವರುದ್ಧಸ್ತ್ರೀಯ ಜೀವನಕ್ಕೆ ಬೇಕಾದುದನ್ನು ಬಿಡತಕ್ಕದ್ದೆಂದನು. 1926ರಲ್ಲಿ ಪ್ರಿವಿ ಕೌನ್ಸಿಲು ಅಂಥವಳ ಜೀವನಾಂಶದ ಹಕ್ಕನ್ನು ಎತ್ತಿಹಿಡಿಯಿತು. 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯಾದರೋ ಪೋಷ್ಯರ ಪಟ್ಟಿಯಲ್ಲಿ ಆಕೆಯನ್ನು ಸೇರಿಸಲಿಲ್ಲ. ಕೀಳಾಗಿ ಹೆಸರಿಸಿದ ಶಾಸ್ತ್ರವು ಅನ್ನವನ್ನಿತ್ತಿತು. ಆ ಹೆಸರನ್ನು ಅಳಿಸಿದ ಕಾಯಿದೆಯು ಅನ್ನವನ್ನೂ ಅಳಿಸಿತು.

ದೀರ್ಘಕಾಲದ ಸಹಜೀವನದಿಂದ ವಿವಾಹವನ್ನು ಊಹಿಸಬಹುದೆಂದು ಸುಪ್ರೀಂ ಕೋರ್ಟು 2015ರಲ್ಲಿ ಪುನಃ ಹೇಳಿತು. ಆದರೆ ವಿವಾಹವಾಗಿಲ್ಲವೆಂದು ಸತ್ಯವನ್ನೇ ನುಡಿಯುವವಳಿಗೆ ಈ ಊಹೆಯು ನೆರವಾಗದು.

ಆಕೆಗೆ ಹಕ್ಕನ್ನಿತ್ತರೆ ಧರ್ಮಪತ್ನಿಯುಳ್ಳೆಡೆ ಆಕೆಗೂ ಮಕ್ಕಳಿಗೂ ಅನ್ಯಾಯವಾಗದೆ? ಆಕ್ಷೇಪವು ಸಾಧುವೇ. ಆದುದರಿಂದ ದಾಯವನ್ನೂ ಜೀವನಾಂಶವನ್ನೂ ಬೇರ್ಪಡಿಸಿ ನೋಡಬೇಕು. ದಾಯವು ಸಂಬಂಧದಿಂದ ಬರುವುದು, ಜೀವನಾಂಶವು ಋಣದಿಂದ. ಸೇವೆಯನ್ನು ಪಡೆದವನ ಧನದಲ್ಲಿ ಆ ಋಣವು ಉಳಿದಿರುತ್ತದೆ. ಸಾಲವನ್ನು ತೀರಿಸದೆ ಸೊತ್ತನ್ನು ಹಂಚಿಕೊಳ್ಳುವುದು ನ್ಯಾಯವೆಂದು ಯಾವ ವಾರಸುದಾರನೂ ಹೇಳಲಾರನು.

ಶಾಸನವು ತಿದ್ದುಪಡಿಯಾಗುವವರೆಗೆ ಕರ್ತವ್ಯವು ಬದುಕಿರುವವನದು. ಸ್ವಾರ್ಜಿತವನ್ನು ಇಬ್ಬರು ಸಾಕ್ಷಿಗಳ ಮುಂದೆ ಉಯಿಲಿನ ಮೂಲಕ ಇಷ್ಟವುಳ್ಳವರಿಗೆ ಬರೆದಿಡಬಹುದು. ಲೋಕಾಪವಾದಕ್ಕಂಜಿ ಆ ಒಂದು ಹಾಳೆಯನ್ನು ಬರೆಯದೆ ಹೋದವನು ತನ್ನ ಅಂಜಿಕೆಯ ಬೆಲೆಯನ್ನು ತನ್ನನ್ನು ನಂಬಿದವಳಿಂದ ತೆರಿಸುತ್ತಾನೆ.