ಪ್ರತಿನಿಧಿವಿಚಾರ: ಹಳೆಯ ಕಂಪ್ಯೂಟರಿಗೆ ಬೇರೆ ಮದರ್‌ಬೋರ್ಡು

ಕೆಟ್ಟುಹೋದುದನ್ನು ತೆಗೆದು ಅದರ ಸ್ಥಾನದಲ್ಲಿ ಮತ್ತೊಂದನ್ನು ಇರಿಸುವುದು ಲೋಕದಲ್ಲಿ ನಿತ್ಯವೂ ನಡೆಯತಕ್ಕ ವ್ಯವಹಾರ. ಬಾವಿಯ ಹಗ್ಗ ಸವೆದರೆ ಬೇರೆ ಹಗ್ಗ, ತೊಲೆಗೆ ಗೆದ್ದಲು ಹಿಡಿದರೆ ಬೇರೆ ತೊಲೆ. ಇಂಥಲ್ಲಿ ಯಾರಿಗೂ ಧರ್ಮಸಂದೇಹ ಹುಟ್ಟುವುದಿಲ್ಲ. ಆದರೆ ಕೆಟ್ಟ ಅಂಗವು ಉಳಿದೆಲ್ಲ ಅಂಗಗಳನ್ನೂ ಧರಿಸಿರತಕ್ಕದ್ದಾದರೆ, ಅದರ ಬದಲಿಗೆ ಏನನ್ನು ತರಬೇಕು, ತಂದ ಮೇಲೆ ವಸ್ತು ಹಿಂದಿನದೇ ಆಗಿ ಉಳಿಯುವುದೆ, ಉಳಿಸುವ ಪ್ರಯತ್ನವೇ ಯುಕ್ತವೆ ಎಂಬ ಮೂರು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಈಚಿನ ಕಾಲದಲ್ಲಿ ಈ ಪ್ರಶ್ನೆಗಳನ್ನು ಗೃಹಸ್ಥರ ಮನೆಬಾಗಿಲಿಗೆ ತಂದಿರುವ ವಸ್ತು ಮೇಜಿನ ಮೇಲಣ ಕಂಪ್ಯೂಟರು.

ಒಬ್ಬ ಗೃಹಸ್ಥನ ಮನೆಯಲ್ಲಿ 2012ರಲ್ಲಿ ಕೊಂಡ ಅಂಥದೊಂದು ಯಂತ್ರವಿದೆಯೆಂದು ಭಾವಿಸಬಹುದು. ಅವನ ತಂದೆ ತಮ್ಮ ಕೊನೆಯ ದಿನಗಳಲ್ಲಿ ಮನೆತನದ ಓಲೆಗರಿಗಳನ್ನು ಓದಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಅದರಲ್ಲಿ ಬರೆದಿಟ್ಟಿದ್ದಾರೆ. ಮನೆಯ ಲೆಕ್ಕಪತ್ರವೂ ಅದರಲ್ಲಿಯೇ ಇದೆ. ಒಂದು ಬೆಳಗ್ಗೆ ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ. ಅಂಗಡಿಯವನು, "ಬೋರ್ಡು ಹೋಗಿದೆ ಸ್ವಾಮಿ. ಇಷ್ಟು ಹಳೆಯದಕ್ಕೆ ದುಡ್ಡು ಸುರಿಯಬೇಡಿ, ಹೊಸದನ್ನೇ ಒಯ್ಯಿರಿ" ಎಂದನು. ಕಾಲೇಜಿನಲ್ಲಿ ಓದುವ ಮಗನು, "ಈಗ ಬರುವುದರಲ್ಲಿ ಅತ್ಯುತ್ತಮವಾದ ಬೋರ್ಡನ್ನೇ ತಂದು ಹಾಕೋಣ, ಅಪ್ಪಾ" ಎಂದನು. ವೃದ್ಧ ತಾಯಿ, "ಅವರು ಮುಟ್ಟಿದ ಯಂತ್ರ, ಮನೆಯಿಂದಾಚೆಗೆ ಕಳಿಸಬೇಡಪ್ಪ" ಎಂದರು. ಮೂವರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಮೂರನ್ನೂ ಏಕಕಾಲದಲ್ಲಿ ನಡೆಸಲು ಬರುವುದಿಲ್ಲ.

ನಿದಾನಕ್ಕೆ ಮೊದಲು ವೈದ್ಯನು ಔಷಧವನ್ನು ಕೊಡನು. ವಿದ್ಯುತ್ತನ್ನು ಹಂಚುವ ಪವರ್ ಸಪ್ಲೈ ಕೆಟ್ಟಿದ್ದರೂ ಯಂತ್ರ ಹೀಗೆಯೇ ಸುಮ್ಮನಾಗುವುದು. ಮೆಮೊರಿಯ ಪಟ್ಟಿ ತನ್ನ ಸ್ಥಾನದಲ್ಲಿ ಸಡಿಲವಾದರೂ ತೆರೆ ಕತ್ತಲಾಗಿರುವುದು. ಇವನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕಿದ ಮೇಲೆ, ಬೋರ್ಡಿನ ಮೇಲಣ ಕೆಪಾಸಿಟರುಗಳ ತಲೆ ಉಬ್ಬಿ ಒಡೆದಿರುವುದು ಕಂಡುಬಂದರೆ, ಆಗ ದೋಷವನ್ನು ಬೋರ್ಡಿನ ಮೇಲೆ ಹೊರಿಸಬಹುದು. ನಿರ್ದೋಷಿಯನ್ನು ದಂಡಿಸುವುದು ಜಡವಸ್ತುವಿನ ವಿಷಯದಲ್ಲಿಯೂ ಅವಿವೇಕವೇ ಸರಿ.

ಇನ್ನು ಬದಲಿಯ ವಿಚಾರ. ನಮ್ಮ ಪೂರ್ವಿಕರಲ್ಲಿ ಮೀಮಾಂಸಕರು ಇದನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದು ಬರುತ್ತದೆ. ಯಾಗಕ್ಕೆ ವಿಧಿಸಿದ ವ್ರೀಹಿ, ಎಂದರೆ ಬತ್ತ, ದೊರೆಯದಿದ್ದರೆ ಏನು ಮಾಡತಕ್ಕದ್ದು? ನೀವಾರವೆಂಬ ಕಾಡುನೆಲ್ಲನ್ನು ತೆಗೆದುಕೊಳ್ಳತಕ್ಕದ್ದು ಎಂಬುದು ಸಿದ್ಧಾಂತ. ಏಕೆಂದರೆ ವ್ರೀಹಿಯ ಅವಯವಗಳು ನೀವಾರದಲ್ಲಿ ಬಹುಮಟ್ಟಿಗೆ ಇವೆ. ಅದಕ್ಕಿಂತ ಬೆಲೆಯುಳ್ಳ ಧಾನ್ಯಗಳು ಲೋಕದಲ್ಲಿ ಇರಬಹುದು. ಆದರೆ ಬೆಲೆಯು ಪ್ರತಿನಿಧಿಯ ಲಕ್ಷಣವಲ್ಲ, ಸಾದೃಶ್ಯವೇ ಲಕ್ಷಣ.

ಈ ನ್ಯಾಯವನ್ನು ಗೃಹಸ್ಥನ ಯಂತ್ರಕ್ಕೆ ಹೊಂದಿಸಿದರೆ ಹುಡುಕಬೇಕಾದುದೇನೆಂಬುದು ಸ್ಪಷ್ಟವಾಗುವುದು. ಅವನ ಪ್ರೊಸೆಸರು ಇಂಟೆಲ್ ಸಂಸ್ಥೆಯು 2012ರಲ್ಲಿ ಹೊರತಂದ ಐವಿ ಬ್ರಿಡ್ಜ್ ಎಂಬ ವರ್ಗದ್ದು. 1155 ಸಂಪರ್ಕಗಳುಳ್ಳ ಸಾಕೆಟ್ಟಿನಲ್ಲಿ ಕುಳಿತುಕೊಳ್ಳತಕ್ಕದ್ದು. ಮರುವರ್ಷ ಬಂದ ಪೀಳಿಗೆಗೆ 1150 ಸಂಪರ್ಕಗಳ ಬೇರೊಂದು ಸಾಕೆಟ್ಟು ಬಂದಿತು. ಅದರಲ್ಲಿ ಇದು ಕೂಡುವುದಿಲ್ಲ. ಮೆಮೊರಿ ಡಿಡಿಆರ್3 ಜಾತಿಯದು, 240 ಕಾಲುಗಳುಳ್ಳದ್ದು, ಸಾಮಾನ್ಯವಾಗಿ 1.5 ವೋಲ್ಟಿನಲ್ಲಿ ನಡೆಯುವಂಥದು. ಡಿಡಿಆರ್4ಕ್ಕೆ 288 ಕಾಲುಗಳು, 1.2 ವೋಲ್ಟು. ಪೆಟ್ಟಿಗೆಯು 244 ಮಿಲಿಮೀಟರು ಚೌಕದ ಮೈಕ್ರೋ ಎಟಿಎಕ್ಸ್ ಅಳತೆಗೆ ಮಾಡಿದ್ದು. ಆ ಅಳತೆಯ ಬೋರ್ಡು ದೊಡ್ಡ ಎಟಿಎಕ್ಸ್ ಪೆಟ್ಟಿಗೆಯಲ್ಲಿ ಹಿಡಿಯುವುದು; 305 ಮಿಲಿಮೀಟರು ಉದ್ದದ ಎಟಿಎಕ್ಸ್ ಬೋರ್ಡು ಇದರಲ್ಲಿ ಹಿಡಿಯದು. ಇದು ಹೊರಗಿನ ಯೋಗ್ಯತೆ. ಒಳಗಿನದೂ ಒಂದುಂಟು. 1155 ಸಾಕೆಟ್ಟಿನ ಬೋರ್ಡುಗಳಲ್ಲಿಯೇ ಮೊದಲಿಗೆ ಬಂದವು, ತಮ್ಮೊಳಗಿನ ಬಯೋಸ್ ಎಂಬ ತಂತ್ರಾಂಶವನ್ನು ಹೊಸದುಮಾಡದ ಹೊರತು, ಐವಿ ಬ್ರಿಡ್ಜನ್ನು ಗುರುತಿಸುವುದಿಲ್ಲ. ಕೂರಲು ಸ್ಥಳವಿದ್ದರೂ ಪರಿಚಯವಿಲ್ಲದ ಅತಿಥಿಯ ಸ್ಥಿತಿ ಅದು. ಇನ್ನೊಂದು ನಿದರ್ಶನ ಇನ್ನೂ ಬೋಧಪ್ರದವಾಗಿದೆ. 2015ರಲ್ಲಿ ಬಂದ 1151 ಸಂಪರ್ಕಗಳ ಸಾಕೆಟ್ಟನ್ನೇ 2017ರ ಪೀಳಿಗೆಗೂ ಇಟ್ಟರು. ನೋಡಲು ಎರಡೂ ಒಂದೇ. ಆದರೂ 2017ರ ಪ್ರೊಸೆಸರಿಗೆ ಹಿಂದಿನ ಬೋರ್ಡು ಆಗಲಿಲ್ಲ. ರೂಪಸಾಮ್ಯವನ್ನು ಕಂಡು ಸಾದೃಶ್ಯವೆಂದು ಭ್ರಮಿಸಬಾರದು.

ಇಲ್ಲಿ ಮಗನ ಪಕ್ಷವು ಆಕ್ಷೇಪವನ್ನು ಎತ್ತುವುದು: ಹಳೆಯದಕ್ಕೆ ಹೊಂದುವ ಬೋರ್ಡು ಬಹುಮಟ್ಟಿಗೆ ಹಿಂದೆ ಒಬ್ಬರು ಬಳಸಿ ಬಿಟ್ಟಿದ್ದು, ಹೊಸದು ವೇಗದಲ್ಲಿಯೂ ಬಾಳಿಕೆಯಲ್ಲಿಯೂ ಮೇಲು, ಶ್ರೇಷ್ಠವಾದುದನ್ನು ಬಿಟ್ಟು ಸಾಧಾರಣವನ್ನು ಏಕೆ ಆರಿಸಬೇಕು? ಇದಕ್ಕೆ ಸಮಾಧಾನವಿದು. "ಬೆಂಕಿಯಿಂದ ನೆನೆಸುತ್ತಾನೆ" ಎಂಬ ವಾಕ್ಯದಲ್ಲಿ ಪ್ರತಿಯೊಂದು ಪದವೂ ನಿರ್ದುಷ್ಟವಾದುದೇ. ಆದರೂ ವಾಕ್ಯಕ್ಕೆ ಅರ್ಥವಿಲ್ಲ. ಯೋಗ್ಯತೆಯೆಂಬುದು ಒಂದೊಂದು ಪದದಲ್ಲಿ ಇರುವುದಲ್ಲ, ಪದಗಳ ಸಂಬಂಧದಲ್ಲಿ ಇರುವುದೆಂದು ತಾರ್ಕಿಕರು ಹೇಳುವರು. ಅತ್ಯುತ್ತಮ ಬೋರ್ಡನ್ನು ತಂದರೆ ಪ್ರೊಸೆಸರು ಹೊಸದು ಬೇಕು. ಮೆಮೊರಿ ಹೊಸದು ಬೇಕು. ಆ ಬಳಿಕ ಪವರ್ ಸಪ್ಲೈ ಸಾಲದೆಂದು ತೋರುವುದು. ಕೊನೆಗೆ ಹಿಂದಿನದಾಗಿ ಉಳಿಯುವುದು ತಗಡಿನ ಪೆಟ್ಟಿಗೆಯೊಂದೇ. ಅಂಥದನ್ನು ಮಾಡುವುದು ತಪ್ಪಲ್ಲ; ಅದನ್ನು ರಿಪೇರಿಯೆಂದು ಕರೆದುಕೊಳ್ಳುವುದು ತಪ್ಪು. ಹೊಸದನ್ನು ಕೊಳ್ಳುವ ಆಸೆಯನ್ನು ಹಳೆಯದರ ಮೇಲಣ ಮಮತೆಯೆಂಬ ಹೆಸರಿನಿಂದ ಮುಚ್ಚಿಡುವುದೇ ಇಲ್ಲಿನ ಅನೃತ.

ಹಾಗಾದರೆ ಯಾವುದು ಸಾಕು, ಯಾವುದು ಸಾಲದು? ಇದಕ್ಕೂ ಅದೇ ಶಾಸ್ತ್ರದಲ್ಲಿ ದಾರಿಯಿದೆ. ನಿತ್ಯಕರ್ಮವನ್ನು ಯಥಾಶಕ್ತಿಯಾಗಿ, ಯಾವುದಾದರೊಂದು ಅಂಗ ಕೊರೆಯಾದರೂ, ನಡೆಸಬಹುದು. ಕಾಮ್ಯಕರ್ಮವನ್ನಾದರೋ ಸರ್ವಾಂಗಪೂರ್ಣವಾಗಿಯೇ ನಡೆಸಬೇಕು. ಪತ್ರ ಬರೆಯುವುದು, ಲೆಕ್ಕ ಇಡುವುದು, ಓದುವುದು ಇವು ಮನೆಯ ನಿತ್ಯಗಳು. ಅವಕ್ಕೆ ಹೊಂದುವ ಸಾಧಾರಣ ಬೋರ್ಡು ಸಾಕು. ಆಟಗಳ ವೈಭವವೂ ಚಲಚ್ಚಿತ್ರಗಳ ಸಂಕಲನವೂ ಕಾಮ್ಯಗಳು. ಅವನ್ನು ಬಯಸುವವನು ಹಳೆಯ ಯಂತ್ರಕ್ಕೆ ತೇಪೆ ಹಚ್ಚದೆ ಸರ್ವಾಂಗವನ್ನೂ ಕೂಡಿಸಿಕೊಳ್ಳತಕ್ಕದ್ದು. ನಿತ್ಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಇಂಥ ಯಂತ್ರಗಳಲ್ಲಿ ನಡೆಯುವ ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಐವಿ ಬ್ರಿಡ್ಜ್ ಅಂಗೀಕೃತವಲ್ಲ. ಆದುದರಿಂದ ಅದರಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದಾದರೆ ಲಿನಕ್ಸಿನಂಥ ಬೇರೊಂದು ವ್ಯವಸ್ಥೆಯನ್ನು ಹಾಕಿಸಬೇಕು. ಇಲ್ಲವೆ ಆ ವ್ಯವಹಾರವನ್ನು ಬೇರೆಡೆಗೆ ಒಯ್ಯಬೇಕು. ಮಮತೆಗಾಗಿ ಮನೆಯ ಹಣವನ್ನು ಅಪಾಯಕ್ಕೊಡ್ಡುವುದು ಧರ್ಮವಲ್ಲ.

ಬೋರ್ಡು ಬದಲಾದ ಮೇಲೆ ಯಂತ್ರ ಹಿಂದಿನದೇ ಆಗುವುದೆ ಎಂಬ ಪ್ರಶ್ನೆಗೆ ವ್ಯಾಪಾರಲೋಕವು ತನ್ನದೊಂದು ಉತ್ತರವನ್ನು ಕೊಟ್ಟಿದೆ. ಯಂತ್ರದೊಡನೆಯೇ ಮಾರಲ್ಪಟ್ಟ ವಿಂಡೋಸಿನ ಪರವಾನಗಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಬೋರ್ಡಿಗೆ ಕಟ್ಟಿರುತ್ತದೆ. ಅಂದಗಾಣಿಸುವುದಕ್ಕಾಗಿ ಬೋರ್ಡನ್ನು ಬದಲಾಯಿಸಿದರೆ ಅದು ಹೊಸ ಯಂತ್ರ. ದೋಷವಿದ್ದುದರಿಂದ ಬದಲಾಯಿಸಿದರೆ ಹಿಂದಿನದೇ. ಮಾಡಿದ ಕೆಲಸ ಒಂದೇ ಆದರೂ ಮಾಡಿದ ಕಾರಣದಿಂದ ಫಲ ಬೇರೆಯಾಗುವುದನ್ನು ವಾಚಕರು ಗಮನಿಸಬೇಕು. ವ್ಯಾಪಾರದ ಕರಾರಿನಲ್ಲಿಯೂ ಸಂಕಲ್ಪಕ್ಕೆ ಇಷ್ಟು ಬೆಲೆಯಿದೆ.

ಕೊನೆಗೆ ಉಳಿಯುವುದು ತಾಯಿಯ ಮಾತು. ಎಲ್ಲದಕ್ಕೂ ಪ್ರತಿನಿಧಿಯುಂಟೆಂದು ಮೀಮಾಂಸಕರು ಹೇಳಲಿಲ್ಲ. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಪ್ರತಿನಿಧಿಯಿಲ್ಲ; ಫಲವನ್ನು ಬಯಸಿ ಕರ್ಮವನ್ನು ನಡೆಸುವ ಯಜಮಾನನಿಗೂ ಸಾಮಾನ್ಯವಾಗಿ ಇಲ್ಲ. ಗೃಹಸ್ಥನ ಯಂತ್ರದಲ್ಲಿ ಅಂಥದು ಯಾವುದು? ಬೋರ್ಡಲ್ಲ, ಪೆಟ್ಟಿಗೆಯೂ ಅಲ್ಲ. ತಂದೆ ಬರೆದಿಟ್ಟ ಅಕ್ಷರಗಳು. ಅವು ಇರುವುದು ಬೋರ್ಡಿನಲ್ಲಲ್ಲ, ಹಾರ್ಡ್ ಡಿಸ್ಕಿನಲ್ಲಿ. ಅದು ಕೆಟ್ಟಿಲ್ಲದಿದ್ದರೆ ಬಿಚ್ಚಿ ಮತ್ತೊಂದು ಯಂತ್ರಕ್ಕೆ ತೊಡಿಸಿ ಓದಬಹುದು. ಆದುದರಿಂದ ಮಾಡತಕ್ಕ ಮೊದಲ ಕೆಲಸ ಬೋರ್ಡನ್ನು ಹುಡುಕುವುದಲ್ಲ, ಆ ಅಕ್ಷರಗಳನ್ನು ಎರಡು ಕಡೆ ನಕಲುಮಾಡಿ ಇಡುವುದು. ಈಚಿನ ಕೆಲವು ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಹಾಕಿ, ಬೀಗದ ಕೈಯನ್ನು ಬೋರ್ಡಿನಲ್ಲಿಯೇ ಅಡಗಿಸಿರುತ್ತಾರೆ. ಅಂಥಲ್ಲಿ ಬಿಡುಗಡೆಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳದವನಿಗೆ, ಬೋರ್ಡು ಹೋದರೆ ಅಕ್ಷರಗಳೂ ಹೋದಂತೆಯೇ. ತಾಯಿ ಉಳಿಸಬೇಕೆಂದು ಬಯಸಿದ್ದು ಇದನ್ನೇ. ಅವರು ಅದನ್ನು ಯಂತ್ರವೆಂದು ಕರೆದರು, ಅಷ್ಟೆ.

ಅಕ್ಷರಗಳು ಕ್ಷೇಮವಾದ ಮೇಲೆ ಬೋರ್ಡಿನ ಪ್ರಶ್ನೆ ಹಗುರವಾಗುವುದು. ಹೊಂದುವುದು ನ್ಯಾಯವಾದ ಬೆಲೆಗೆ ದೊರೆತು ನಿತ್ಯಕ್ಕೆ ಸಾಲುವುದಾದರೆ ತಂದು ಹಾಕತಕ್ಕದ್ದು. ಇಲ್ಲವಾದರೆ ಹೊಸ ಯಂತ್ರವನ್ನು ಹೊಸದೆಂದೇ ಹೇಳಿ ಕೊಂಡು, ಹಳೆಯದನ್ನು ತಿಪ್ಪೆಗೆ ಎಸೆಯದೆ, ಇ-ತ್ಯಾಜ್ಯವನ್ನು ಕ್ರಮವಾಗಿ ವಿಲೇವಾರಿ ಮಾಡುವವರಿಗೆ ಒಪ್ಪಿಸತಕ್ಕದ್ದು. ನಮ್ಮ ಮನೆಯ ತ್ಯಾಜ್ಯ ನೆರೆಯವನ ನೆಲವನ್ನು ಕೆಡಿಸಬಾರದು. ಎರಡರಲ್ಲಿ ಯಾವುದೆಂಬ ನಿರ್ಣಯ ಅಂಗಡಿಯವನದಲ್ಲ, ಮಗನದೂ ಅಲ್ಲ. ಯಜಮಾನನಿಗೆ ಪ್ರತಿನಿಧಿಯಿಲ್ಲವಷ್ಟೆ. ತನ್ನ ಮನೆಗೆ ಏನು ಬೇಕು, ಏಕೆ ಬೇಕು ಎಂಬುದನ್ನು ಗೃಹಸ್ಥನು ತಾನೇ ಕುಳಿತು ಯೋಚಿಸಬೇಕು. ಅದನ್ನು ಯೋಚಿಸಿದವನಿಗೆ ಬೋರ್ಡನ್ನು ಆರಿಸುವುದು ಕಷ್ಟವಲ್ಲ. ಯೋಚಿಸದವನಿಗೆ ಯಾವ ಬೋರ್ಡೂ ಹೊಂದುವುದಿಲ್ಲ.